ಮುತ್ಯಾನ ಹೆಬ್ಬೆರಳು

“ಕಾಕಾ, ಇದಕ್ಕ ಏನೋ ಆಗ್ಯಾದ ನೋಡು. ಫೋಕಸ್ಸೇ ಆಗವಲ್ದು!”

ಪೂನಂ ಎರಡೂ ಕೈಯಿಂದ ಕ್ಯಾಮೆರಾ ಎತ್ತಿ ಗಾಜಿನ ಕೌಂಟರಿನ ಮೇಲೆ ಇಟ್ಟಳು. ಐದನೆಯ ಕ್ಲಾಸಿನ ಹುಡುಗಿಗೆ ಅದೇನು ಸಣ್ಣ ಭಾರವಲ್ಲ. ಮುಂದೆ ಮೊಳದುದ್ದದ ಲೆನ್ಸ್ ಬೇರೆ.

ಕಲ್ಲಿನಾಥ ಕಾಕಾ ಪೂನಂಳ ಚಿಕ್ಕಪ್ಪ. ಅವನದು ಬಸವಕಲ್ಯಾಣದ ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ. ಯಾರ ಮೊಬೈಲಿಗೆ ಏನೇ ಆಗಲಿ, ಕಾಕಾನ ಮೊದಲನೆಯ ಔಷಧ ಒಂದೇ, ರಿಸೆಟ್. ಹ್ಯಾಂಗ್ ಆದರೂ ರಿಸೆಟ್, ಬಿಸಿಯಾದರೂ ರಿಸೆಟ್. ನೆಲಕ್ಕೆ ಬಿದ್ದು ಗಾಜು ಒಡೆದರೂ ಅವನು ಒಮ್ಮೆ ರಿಸೆಟ್ ಮಾಡಿ ನೋಡುವವನೇ.

ಕಾಕಾ ಎದುರಿನ ಚಹಾದಂಗಡಿಗೆ ಗುರಿಯಿಟ್ಟು ಬಟನ್ ಒತ್ತಿದ. ಕಟಕ್ ಎಂದು ಸಪ್ಪಳವಾಯಿತು. ಫೋಟೋದಲ್ಲಿ ಚಹಾದಂಗಡಿ ಕರಗಿಹೋದ ಐಸ್‌ಕ್ರೀಮಿನ ಹಾಗೆ ಕಂಡಿತು.

“ಭಾಳ ದಿನ ಕಪಾಟಿನಾಗ ಬಿದ್ದಿತ್ತಲ್ಲ, ದಿಮಾಗ್ ಕೆಟ್ಟದ. ತಡಿ,” ಎಂದು ಕಾಕಾ ಮೆನುವಿನೊಳಗೆ ಹೊಕ್ಕ. ಎಲ್ಲ ಸೆಟ್ಟಿಂಗ್‌ಗಳನ್ನೂ ಅಳಿಸಿಬಿಡಲೇ ಎಂದು ಕ್ಯಾಮೆರಾ ಇಂಗ್ಲಿಷಿನಲ್ಲಿ ಕೇಳಿತು. ಕಾಕಾ ಪೂನಂಳ ಮುಖ ನೋಡಿದ.

“ಒತ್ತು ಕಾಕಾ, ಒತ್ತು!” ಎಂದಳು ಪೂನಂ.

ಕಾಕಾ ಒತ್ತಿದ. ಮತ್ತೆ ಚಹಾದಂಗಡಿಗೆ ಹಿಡಿದರೆ, ಪಿಪ್! ಹಸಿರು ಚೌಕ ಮಿನುಗಿತು. ಕಪ್ಪು, ಬಸಿ, ಗಲ್ಲಾಪೆಟ್ಟಿಗೆಯ ಮುಂದೆ ಕೂತ ಮಾಲೀಕನ ಮೀಸೆ, ಎಲ್ಲ ಸ್ಪಷ್ಟವಾಗಿ ಬಂತು.

“ಆತು ನೋಡು ಠೀಕ್!” ಎಂದು ಕಾಕಾ ಕಾಲರ್ ಎತ್ತಿಕೊಂಡ. ಪೂನಂ ಖುಷಿಯಿಂದ ಅಂಗಡಿಯೊಳಗೇ ಒಂದು ಸುತ್ತು ಕುಣಿದಳು.

ಕ್ಯಾಮೆರಾ ಮುತ್ಯಾನದು. ಮುತ್ಯಾ ಅಂದರೆ ಪೂನಂಳ ಅಪ್ಪನ ಅಪ್ಪ, ಮಡೆಪ್ಪ. ಅವನು ಬಸವಕಲ್ಯಾಣದಿಂದ ಹುಮನಾಬಾದಿಗೆ ಬಸ್ ಓಡಿಸುತ್ತಿದ್ದ. ಆ ದಾರಿಯ ಯಾವ ತಂತಿಯ ಮೇಲೆ ಯಾವ ಹಕ್ಕಿ ಕೂರುತ್ತದೆ ಎಂಬುದು ಅವನಿಗೆ ಬಾಯಿಪಾಠವಾಗಿತ್ತು. ಆದರೆ ಹಕ್ಕಿ ಕಂಡಿತೆಂದು ಬಸ್ ನಿಲ್ಲಿಸಲಾಗುತ್ತದೆಯೇ? ಹಿಂದೆ ಕೂತವರು ಸುಮ್ಮನೆ ಬಿಡುತ್ತಾರೆಯೇ? ಹಾಗಾಗಿ ರಿಟೈರ್ ಆದಮೇಲೆ ಅವನು ಹೈದರಾಬಾದಿಗೆ ಹೋಗಿ ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ಒಂದನ್ನು ತಂದ. ಇಷ್ಟು ವರ್ಷ ನಿಲ್ಲಲಾಗದಿದ್ದ ಜಾಗಗಳಲ್ಲೆಲ್ಲ ಹೋಗಿ ನಿಂತ. ಜೊತೆಗೆ ಬುತ್ತಿಯ ಚೀಲ ಹಿಡಿದುಕೊಂಡು ಅವನ ಹೆಂಡತಿ, ಪೂನಂಳ ಆಯಿ, ಧೂಳಮ್ಮ ಹೋಗುತ್ತಿದ್ದಳು.

ದಸರೆಯ ದಿನ ನೀಲಕಂಠ ಹಕ್ಕಿ ಕಂಡರೆ ಶುಭ ಎಂದು ಆ ಮನೆಯಲ್ಲಿ ನಂಬಿಕೆ. ಕೂತಾಗ ನೀಲಕಂಠ ಮಣ್ಣು ಬಣ್ಣದ ಸಾದಾ ಹಕ್ಕಿ. ಹಾರಿದಾಗ ಮಾತ್ರ ರೆಕ್ಕೆಯ ನೀಲಿಯೆಲ್ಲ ಬಿಚ್ಚಿಕೊಳ್ಳುತ್ತದೆ. ಪ್ರತಿ ದಸರೆಗೂ ಮುತ್ಯಾ ಹಾರುವ ನೀಲಕಂಠದ ಫೋಟೋ ತೆಗೆದು ಬೀಗರಿಗೆ, ಓಣಿಯವರಿಗೆ, ತನ್ನ ಹಳೆಯ ಕಂಡಕ್ಟರ್ ಗೆಳೆಯರಿಗೆ ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದ. ಹೊಲದ ಕಡೆ ಹೋಗಲಾಗದವರೂ ಮನೆಯಲ್ಲಿ ಕೂತೇ ನೀಲಕಂಠ ನೋಡುತ್ತಿದ್ದರು.

ಈ ಬೇಸಿಗೆಯಲ್ಲಿ ಮುತ್ಯಾ ತೀರಿಕೊಂಡ. “ಈ ಸಲ ನೀಲಕಂಠ ಯಾರು ಕಳಸ್ತಾರ?” ಎಂದು ಆಯಿ ಮೊನ್ನೆ ತನ್ನಷ್ಟಕ್ಕೆ ತಾನೇ ಅಂದಳು. ಪೂನಂ ಹಿಂದೆಮುಂದೆ ನೋಡದೆ “ನಾ ಕಳಸ್ತೀನಿ!” ಎಂದುಬಿಟ್ಟಿದ್ದಳು. ಇನ್ನು ಎರಡು ದಿನಕ್ಕೆ ದಸರೆ.

ಅದೇ ಸಂಜೆ ಪೂನಂ ಆಯಿಯ ಜೊತೆ ತ್ರಿಪುರಾಂತ ಕೆರೆಯ ದಂಡೆಗೆ ಹೋದಳು. ಅಲ್ಲಿ ಬೆಳ್ಳಕ್ಕಿಗಳಿದ್ದವು. ಪ್ರ್ಯಾಕ್ಟೀಸ್‌ಗೆ ಅವು ಸಾಕಲ್ಲ.

ಕೂತ ಬೆಳ್ಳಕ್ಕಿ ಚೆಂದ ಬಂತು. ಹಾರುವ ಬೆಳ್ಳಕ್ಕಿ ಒಂದಾದರೂ ಬರಬೇಕಲ್ಲ! ಕ್ಯಾಮೆರಾ ಪಿಪ್ ಎನ್ನುತ್ತಿತ್ತು, ಚೌಕ ಮಿನುಗುತ್ತಿತ್ತು. ಫೋಟೋ ನೋಡಿದರೆ ಮುಂದಿದ್ದ ಜಾಲಿಯ ಮುಳ್ಳು ಒಂದೊಂದೂ ಸ್ಪಷ್ಟ, ಹಕ್ಕಿ ಮಾತ್ರ ಸುಣ್ಣ ಚೆಲ್ಲಿದ ಹಾಗೆ. ಪೂನಂ ತೆಗೆದಳು, ತೆಗೆದಳು, ತೆಗೆದೇ ತೆಗೆದಳು. ಸುಣ್ಣವೇ ಬಂತು.

“ಮುತ್ಯಾ ಹ್ಯಾಂಗ ತಗೀತಿದ್ದ ಆಯಿ?” ಎಂದು ಕೊನೆಗೆ ಅಳುಮುಖ ಮಾಡಿಕೊಂಡು ಕೇಳಿದಳು.

ಆಯಿ ಅಷ್ಟು ಹೊತ್ತೂ ಅವಳ ಕೈಯನ್ನೇ ನೋಡುತ್ತಿದ್ದಳು. “ನನಗ ಕ್ಯಾಮೆರಾ ಗೀಮೆರಾ ತಿಳಿಯಂಗಿಲ್ಲವಾ. ಆದ್ರ ಅವರು ಹಿಂಗ ಹಿಡೀತಿರಲಿಲ್ಲ. ಅವರ ಹೆಬ್ಬಟ್ಟ ಯಾವಾಗ್ಲೂ ಹಿಂದ, ಇಲ್ಲಿ, ಒತ್ತಿಕೊಂಡೇ ಇರ್ತಿತ್ತು. ಮನಿಗೆ ಬಂದು ಹೆಬ್ಬಟ್ಟ ನೋಯ್ತದ ಅಂತ ನನ್ನ ಕಡಿಂದ ಎಣ್ಣಿ ಹಚ್ಚಿಸ್ಕೋತಿದ್ರು.”

ಪೂನಂ ಕ್ಯಾಮೆರಾ ತಿರುಗಿಸಿ ಹಿಂಭಾಗ ನೋಡಿದಳು. ಎಲ್ಲ ಗುಂಡಿಗಳ ಮೇಲೂ ಬಿಳಿ ಅಕ್ಷರಗಳಿದ್ದವು. ಆಯಿ ತೋರಿಸಿದ ಗುಂಡಿಯ ಮೇಲೆ ಮಾತ್ರ ಏನೂ ಇರಲಿಲ್ಲ. ಅದು ಸವೆದು ನುಣ್ಣಗಾಗಿತ್ತು.

ಹಿಂತಿರುಗುವಾಗ ಇಬ್ಬರೂ ನೇರ ಕಾಕಾನ ಅಂಗಡಿಗೆ ಹೋದರು. ಕಾಕಾ ಮೊಬೈಲಿನಲ್ಲಿ ಹುಡುಕಿ ಯಾರದೋ ಹಿಂದಿ ವಿಡಿಯೋ ಒಂದನ್ನು ಹಚ್ಚಿದ. ನೋಡುತ್ತ ನೋಡುತ್ತ ಅವನ ಮುಖ ಸಣ್ಣಗಾಯಿತು.

“ಪೂನಂ, ಇದು ಖರಾಬ್ ಆಗಿರಲೇ ಇಲ್ಲ,” ಎಂದ ಮೆಲ್ಲಗೆ. “ಹಕ್ಕಿ ಫೋಟೋ ತಗಿಯೋರು ಭಾಳ ಮಂದಿ ಫೋಕಸ್ ಕೆಲಸ ಮ್ಯಾಲಿನ ಬಟನ್‌ದಿಂದ ತಗದು, ಹಿಂದ ಹೆಬ್ಬಟ್ಟಿಗೆ ಕೊಡ್ತಾರಂತ. ಹೆಬ್ಬಟ್ಟ ಒತ್ತಿ ಹಿಡದ್ರ ಹಕ್ಕಿ ಹೋದ ಕಡಿ ಫೋಕಸ್ ಹೋಗ್ತದ. ಮ್ಯಾಲಿನ ಬಟನ್ ಬರೇ ಫೋಟೋ ಹೊಡೀಲಿಕ್ಕ. ನಮ್ಮಪ್ಪ ಹಾಂಗೇ ಮಾಡಿಟ್ಟಿದ್ದ. ನಮಗ ಗೊತ್ತಾಗಲಿಲ್ಲ.”

“ಮತ್ತ ನಾವು…?”

“ಎಲ್ಲಾ ಅಳಿಸಿಬಿಟ್ಟೀವಿ.”

ಪೂನಂ ಕ್ಯಾಮೆರಾದ ಸವೆದ ಗುಂಡಿಯನ್ನು ಮುಟ್ಟಿ ನೋಡಿದಳು. ಮುತ್ಯಾನ ಬಟ್ಟೆಗಳನ್ನು ಆಗಲೇ ಯಾರಿಗೋ ಕೊಟ್ಟಾಗಿತ್ತು. ಅವನ ಮಂಚದ ಮೇಲೆ ಈಗ ಹಾಸಿಗೆ ದಿಂಬು ಒಟ್ಟಿದ್ದರು. ಅವನು ತನ್ನ ಕೈಯಾರೆ ಮಾಡಿಟ್ಟದ್ದು ಇದರೊಳಗೆ ಇನ್ನೂ ಹಾಗೇ ಇತ್ತು, ಈ ಮಧ್ಯಾಹ್ನದವರೆಗೂ ಇತ್ತು. ಅವಳು ಕೌಂಟರಿಗೆ ತಲೆಯಿಟ್ಟು ಅತ್ತುಬಿಟ್ಟಳು.

“ಅಳಬ್ಯಾಡವಾ. ಒತ್ತಿದ್ದು ನಾನು,” ಎಂದ ಕಾಕಾ.

“ಒತ್ತು ಅಂದದ್ದು ನಾನು,” ಎಂದಳು ಪೂನಂ ಬಿಕ್ಕುತ್ತ.

ಮರುದಿನ ಮನೆಯಲ್ಲಿ ಆಯುಧಪೂಜೆ. ಕುಡಗೋಲು, ಈಳಿಗೆ, ಕಾಕಾನ ಸ್ಕ್ರೂಡ್ರೈವರುಗಳ ಸಾಲಿನಲ್ಲಿ ಕ್ಯಾಮೆರಾಕ್ಕೂ ಕುಂಕುಮ ಬಿತ್ತು. ಪೂಜೆ ಮುಗಿದದ್ದೇ ತಡ, ಮೂವರೂ ಪಡಸಾಲೆಯಲ್ಲಿ ಕೂತರು. ಕಾಕಾನ ಕೈಯಲ್ಲಿ ವಿಡಿಯೋ, ಪೂನಂಳ ಕೈಯಲ್ಲಿ ಕ್ಯಾಮೆರಾ, ಆಯಿಯ ಕೈಯಲ್ಲಿ ಸ್ಟೀಲ್ ಡಬ್ಬಿ. ಮುತ್ಯಾ ಹೇಗೆ ಹಿಡಿಯುತ್ತಿದ್ದ ಎಂಬುದನ್ನು ಆಯಿ ಆ ಡಬ್ಬಿ ಹಿಡಿದೇ ತೋರಿಸುವವಳು.

ಫೋಕಸ್ ಹೆಬ್ಬೆರಳಿಗೆ ಹೋಯಿತು. ಅದು ಸುಲಭವಿತ್ತು. ಹಕ್ಕಿ ಹಾರುವಷ್ಟು ಹೊತ್ತೂ ಫೋಕಸ್ ಅದರ ಬೆನ್ನು ಬಿಡಬಾರದು ಎಂಬುದೂ ಆಯಿತು. ಆಮೇಲೆ ಕ್ಯಾಮೆರಾ ಒಂದು ವಿಚಿತ್ರ ಪ್ರಶ್ನೆ ಕೇಳಿತು.

“ನಡಕ ಬ್ಯಾರೆ ಏನರ ಅಡ್ಡ ಬಂದ್ರ, ಫೋಕಸ್ ಅದರ ಕಡಿ ಬೇಗ ಹೊಳ್ಳಬೇಕೋ, ತಡಾ ಮಾಡಿ ಹೊಳ್ಳಬೇಕೋ ಅಂತದ,” ಎಂದು ಕಾಕಾ ಓದಿ ಹೇಳಿದ. “ಅಪ್ಪ ಯಾವ ಕಡಿ ಇಟ್ಟಿದ್ದನೋ!”

ಆಯಿ ಡಬ್ಬಿ ಕೆಳಗಿಟ್ಟಳು. “ಒಮ್ಮೆ ರೋಡಿನ ಆಚಿ ಕಡಿ ನೀಲಕಂಠ ಹಾರಾಕತ್ತಿತ್ತು. ನಡಕ ಬಸ್ ಬಂತು. ಹೋತು ಬಿಡ್ರಿ, ಇನ್ನೇನ್ ತಗೀತೀರಿ ಅಂದೆ ನಾ. ಅವರು ಹೆಬ್ಬಟ್ಟ ತಗೀಲಿಲ್ಲ. ‘ಬಸ್ಸೇನು ಅಲ್ಲೇ ಮನಿ ಕಟ್ಕೊಂಡು ಕೂಡ್ತದೇನು? ಹೋಗ್ತದ. ಹಕ್ಕಿ ಅದರ ಹಿಂದೇ ಅದ’ ಅಂದ್ರು.”

ಕಾಕಾ ಮತ್ತು ಪೂನಂ ಒಬ್ಬರ ಮುಖ ಒಬ್ಬರು ನೋಡಿದರು. ಪೂನಂ ಪರದೆಯ ಮೇಲಿನ ಗುರುತನ್ನು ‘ತಡ’ ಎಂಬ ಕಡೆಗೆ ಸರಿಸಿದಳು.

ಉಳಿದದ್ದು ಒಂದೇ. ಕಣ್ಣಿಟ್ಟು ನೋಡಿದಾಗ ಒಳಗೆ ಕಾಣುವ ಸಣ್ಣ ಚೌಕ. ಹಕ್ಕಿಯನ್ನು ಅದರೊಳಗೆ ಹಿಡಿಯಬೇಕು. ಅದನ್ನು ಮೇಲೆ ಕೆಳಗೆ, ಆಚೆ ಈಚೆ ಎಲ್ಲಿ ಬೇಕಾದರೂ ಇಡಬಹುದು.

“ಮುತ್ಯಾ ಎಲ್ಲಿ ಇಡ್ತಿದ್ದ ಆಯಿ?”

“ಅದು ನನಗ ಗೊತ್ತಿಲ್ಲ. ನಾ ಎಂದೂ ಅದರಾಗ ಕಣ್ಣಿಟ್ಟು ನೋಡಿಲ್ಲ.”

“ಒಮ್ಮೀನೂ ಇಲ್ಲಾ? ಅಷ್ಟು ಸಲ ಹೋಗಿದ್ದಿ!”

“ಅವರು ಹಕ್ಕಿ ನೋಡ್ತಿದ್ರು,” ಎಂದು ಆಯಿ ನಕ್ಕಳು. “ನಾ ಅವರನ್ನ ನೋಡ್ತಿದ್ದೆ.”

ಚೌಕ ಎಲ್ಲಿತ್ತೆಂದು ಹೇಳುವವರು ಇನ್ನು ಯಾರೂ ಇರಲಿಲ್ಲ. ಪೂನಂ ತುಸು ಹೊತ್ತು ಯೋಚಿಸಿ, ತನಗೆ ಸರಿ ಕಂಡಲ್ಲಿ, ನಡುವಿಗಿಂತ ಚೂರು ಮೇಲೆ ಇಟ್ಟಳು.

ದಸರೆಯ ಬೆಳಿಗ್ಗೆ ಅಜ್ಜಿ ಮೊಮ್ಮಗಳು ಆಟೋದಲ್ಲಿ ಹೋಗಿ ಹುಮನಾಬಾದ್ ರಸ್ತೆಯಲ್ಲಿ ಇಳಿದರು. ಎರಡೂ ಬದಿಗೆ ಹಸಿರು ತೊಗರಿ. ರಸ್ತೆಯ ಆಚೆ ಬದಿಯ ತಂತಿಯ ಮೇಲೆ ನೀಲಕಂಠ ಆಗಲೇ ಬಂದು, ಯಾರಿಗೋ ಕಾಯುತ್ತಿರುವಂತೆ ಕೂತಿತ್ತು.

ಪೂನಂ ಕ್ಯಾಮೆರಾ ಎತ್ತಿದಳು. ಐದು ನಿಮಿಷಕ್ಕೆ ಕೈ ಗಡಗಡ ನಡುಗತೊಡಗಿತು. ಹಕ್ಕಿ ಮಾತ್ರ ಅಲ್ಲಾಡಲಿಲ್ಲ.

“ಬಾ, ನನ್ನ ಹೆಗಲ ಮ್ಯಾಲ ಇಡು,” ಎಂದು ಆಯಿ ಅವಳ ಮುಂದೆ ನೆಲದ ಮೇಲೆ ಕೂತಳು.

“ಮುತ್ಯಾನೂ ಹಿಂಗೇ ಇಡ್ತಿದ್ದನಾ?”

“ಅವರು ಸ್ಟೇರಿಂಗ್ ತಿರುವಿದ ಕೈಯವರು. ಅವರಿಗ್ಯಾಕ ಬೇಕು ನನ್ನ ಹೆಗಲು? ನಿನಗ ಬೇಕು. ಇಡು.”

ಪೂನಂ ಆಯಿಯ ಹಿಂದೆ ಮೊಣಕಾಲೂರಿ ಕೂತಳು. ಲೆನ್ಸ್ ಆಯಿಯ ಹೆಗಲ ಮೇಲೆ ಗಟ್ಟಿಯಾಗಿ ನಿಂತಿತು. ಪೂನಂ ಸವೆದ ಗುಂಡಿಯ ಮೇಲೆ ಹೆಬ್ಬೆರಳು ಒತ್ತಿದಳು. ಮುತ್ಯಾಗೆ ಯಾಕೆ ನೋಯುತ್ತಿತ್ತು ಎಂದು ಅವಳಿಗೆ ಬಹಳ ಬೇಗ ತಿಳಿಯಿತು.

ನೀಲಕಂಠ ಸರ್ರನೆ ಎದ್ದಿತು. ರೆಕ್ಕೆ ಬಿಚ್ಚಿ ರಸ್ತೆಯ ಪಕ್ಕದಲ್ಲೇ ಕೆಳಗಿಳಿದು ಹಾರಿತು. ಪೂನಂ ಹಕ್ಕಿಯ ಜೊತೆ ಕ್ಯಾಮೆರಾ ತಿರುಗಿಸಿದಳು, ಆಯಿಯ ಹೆಗಲೂ ಅದರ ಜೊತೆ ತಿರುಗಿತು. ಅಷ್ಟರಲ್ಲಿ ಭರ್ರೆಂದು ಹುಮನಾಬಾದ್ ಬಸ್ ಬಂದು ಇಡೀ ಕ್ಯಾಮೆರಾದ ತುಂಬ ಬರೀ ಕಿಟಕಿಗಳೇ ಆದವು.

ಹೋಯಿತು! ಪೂನಂಳ ಬೆರಳು ಸಡಿಲಾಗಲು ಹೊರಟಿತ್ತು. ಅವಳು ಬಿಡಲಿಲ್ಲ. ಕಿಟಕಿ, ಕಿಟಕಿ, ಕಿಟಕಿ, ಧೂಳು. ಧೂಳಿನ ಆಚೆಯಿಂದ ನೀಲಕಂಠ ಹೊರಬಂತು. ಅವಳು ಒಂದೇ ಸಮನೆ ಮೇಲಿನ ಬಟನ್ ಒತ್ತಿದಳು.

ಮೊದಲಿನವುಗಳಲ್ಲಿ ಬರೀ ಬಾಲವಿತ್ತು. ಒಂದರ ಅಂಚಿನಲ್ಲಿ, ದಾಟಿಹೋಗುತ್ತಿದ್ದ ಬಸ್ಸಿನ ಕೊನೆಯ ಕಿಟಕಿಯಲ್ಲಿ ಯಾರೋ ಆಕಳಿಸುತ್ತಿದ್ದರು. ಕೊನೆಯದರಲ್ಲಿ ಎರಡೂ ರೆಕ್ಕೆ ಚಾಚಿದ ನೀಲಕಂಠ, ಅದರ ಕಣ್ಣಿನಲ್ಲಿ ಬೆಳಕಿನ ಚುಕ್ಕಿಯೂ ಕಾಣುವಷ್ಟು ಸ್ಪಷ್ಟವಾಗಿತ್ತು.

“ಬಂತೇನವಾ?”

“ಬಂತು ಆಯಿ! ಬಂತು!”

ಕಾಕಾ ಹೇಳಿಕೊಟ್ಟ ಹಾಗೆ ಪೂನಂ ಅದನ್ನು ಆಯಿಯ ಮೊಬೈಲಿಗೆ ಹಾಕಿ, ಅಲ್ಲಿಂದಲೇ ಎಲ್ಲರಿಗೂ ಕಳಿಸಿದಳು. ನೀರು ಕುಡಿದು ಮುಗಿಸುವಷ್ಟರಲ್ಲಿ ಹಳೆಯ ಕಂಡಕ್ಟರ್ ಮಲ್ಲಿಕಾರ್ಜುನ ಅವರ ವಾಯ್ಸ್ ಮೆಸೇಜ್ ಬಂತು. “ವೈನೀ, ಈ ವರ್ಷ ನೀಲಕಂಠ ಬರಂಗಿಲ್ಲ ಅಂದುಕೊಂಡಿದ್ದೆ ನೋಡ್ರಿ. ಮಡೆಪ್ಪಣ್ಣನೇ ತಗದಂಗ ಅದಲ್ಲರಿ!”

ಆಯಿ ಅದನ್ನು ಎರಡು ಸಲ ಕೇಳಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಪೂನಂ ಅವಳನ್ನೇ ನೋಡುತ್ತ ನಿಂತಳು. ಮೆನುವಿನಲ್ಲಿ ಇದ್ದದ್ದು ಮುತ್ಯಾನ ಒಂದು ಹೆಬ್ಬೆರಳಷ್ಟೇ. ಆಯಿಯನ್ನು ಇನ್ನೂ ಎಷ್ಟೊಂದು ಕೇಳುವುದಿದೆ ಎಂದು ಅವಳಿಗೆ ಅನ್ನಿಸಿತು.

“ಆಯಿ, ಮುತ್ಯಾ ಬಸ್ ಹ್ಯಾಂಗ ಹೊಡೀತಿದ್ದ?”

“ಹ್ಯಾಂಗ ಅಂದ್ರ? ಎಲ್ಲಾರೂ ಹೊಡದಂಗ.”

“ಹಾಂಗಲ್ಲ. ಹ್ಯಾಂಗ ಕೂಡ್ತಿದ್ದ? ಮಾಡಿ ತೋರ್ಸು.”

ಆಯಿ ರಸ್ತೆಯ ಆ ತುದಿ ಈ ತುದಿ ನೋಡಿದಳು. ಯಾರೂ ಇರಲಿಲ್ಲ. ಚೀಲ ಕೆಳಗಿಟ್ಟು ರಸ್ತೆ ದಾಟಿ, ಆಚೆ ಬದಿಯ ಮೈಲಿಗಲ್ಲಿನ ಮೇಲೆ ಕೂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ದೊಡ್ಡ ಚಕ್ರವೊಂದನ್ನು ಹಿಡಿದವರಂತೆ ಎರಡೂ ಕೈ ಮುಂದೆ ಚಾಚಿದಳು. ಕತ್ತು ಒಂದಿಷ್ಟು ಎಡಕ್ಕೆ ವಾಲಿತು. ಒಂದು ಹುಬ್ಬು ಮೇಲೇರಿತು. ಎಡಗೈ ಕೆಳಗೆ ಹೋಗಿ ಗೇರು ಬದಲಿಸಿತು. ಆಯಿಯ ಮುಖದಲ್ಲಿ ಮುತ್ಯಾ ಬಂದು ಕೂತಿದ್ದ.

ಪೂನಂ ಕ್ಯಾಮೆರಾ ಎತ್ತಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಚೌಕವನ್ನು ಆ ಮುಖದ ಮೇಲೆ ಇಟ್ಟು ಹೆಬ್ಬೆರಳು ಒತ್ತಿದಳು. ಅಷ್ಟರಲ್ಲಿ ಹೊಲದ ಕಡೆಯಿಂದ ಮೇಕೆಗಳ ಹಿಂಡೊಂದು ರಸ್ತೆಗೆ ಏರಿ ಇಬ್ಬರ ನಡುವೆ ಹಾಯತೊಡಗಿತು. ಪೂನಂ ಹೆಬ್ಬೆರಳು ತೆಗೆಯದೆ, ಮೇಕೆಗಳು ದಾಟಲಿ ಎಂದು ಕಾದಳು.