ಎಡಬದಿಯ ಮುಂದಿನ ಚಕ್ರ

ಕೋಟೇಶ್ವರದ ಹೆದ್ದಾರಿ ಬದಿಯ ತನ್ನ ಶೆಡ್ಡಿನಲ್ಲಿ ಚಂದನಾ ಸ್ಪ್ರೇ ಗನ್ ತೊಳೆಯುತ್ತಿದ್ದಾಗ ಆ ಕೆಂಪು ಸ್ಪೋರ್ಟ್ಸ್ ಕಾರು ಬಂದು ನಿಂತಿತು. ನಿಂತ ರೀತಿಯಲ್ಲೇ ಅವಳಿಗೆ ಗೊತ್ತಾಯಿತು, ಬಂದವನು ಸಿಟ್ಟಿನಲ್ಲಿದ್ದಾನೆ.

ಇಳಿದವನು ಯತೀಶ. ಪುಣೆಯಲ್ಲಿ ಹೋಟೆಲು ನಡೆಸುವ ಭೋಜರಾಜರು ಬ್ರಹ್ಮಾವರದ ಮನೆಯಲ್ಲಿ ಇಟ್ಟಿರುವ ಈ ಕಾರನ್ನು ನೋಡಿಕೊಳ್ಳುವವನು. ಹದಿನೈದು ದಿನದ ಹಿಂದೆ ಇದರ ಎಡಬದಿಯ ಮುಂದಿನ ಚಕ್ರ ಕಟ್ಟೆಗೆ ಉಜ್ಜಿ ಬಣ್ಣದ ಮೇಲಿನ ಲ್ಯಾಕರ್ ಪೊರೆ ಎದ್ದಿತೆಂದು ಇಲ್ಲಿಗೇ ತಂದಿದ್ದ. ಅವಳ ಮಾತಿಗೆಲ್ಲ ತಲೆಯಾಡಿಸಿ, ಹೊರಡುವಾಗ ಎರಡು ಸಲ ತಿರುಗಿ ನೋಡಿದ್ದ. ಆ ಎರಡನೆಯ ನೋಟವನ್ನು ಚಂದನಾ ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು.

ಇವತ್ತು ಅವನು ನೋಡಿದ್ದು ಚಕ್ರವನ್ನು ಮಾತ್ರ.

"ಕಾಣಿ," ಎಂದ. "ನೀವ್ ಮಾಡಿಕೊಟ್ಟ ಕೆಲ್ಸ."

ಅವಳು ಮಂಡಿಯೂರಿ ನೋಡಿದಳು. ಬಿಸಿಲಿಗೆ ಸುಟ್ಟ ಮೀನುಗಾರರ ಹೆಗಲು ಸಿಪ್ಪೆ ಏಳುವ ಹಾಗೆ ಲ್ಯಾಕರ್ ಅಲ್ಲಲ್ಲಿ ಎದ್ದಿತ್ತು. ಉಗುರು ತಾಗಿಸಿದರೆ ಹಾಳೆಯಾಗಿ ಬರುತ್ತಿತ್ತು.

ಕಂಪನಿಯಿಂದ ಬಂದ ಮೂರು ಚಕ್ರಗಳು ಸರಿಯಾಗಿವೆ, ನೀವು ಮುಟ್ಟಿದ್ದೊಂದೇ ಹೀಗಾಗಿದೆ ಎಂದ ಯತೀಶ. ಫೋಟೋ ತೆಗೆದು ಭೋಜರಾಜರಿಗೆ ಕಳಿಸಿದ್ದಾನೆ. ಅವರು ಅದನ್ನು ಗಾಡಿಯ ಹುಚ್ಚಿರುವ ಊರಿನ ಗೆಳೆಯರ ಗ್ರೂಪಿಗೆ ಹಾಕಿದ್ದಾರೆ.

ಬೆಳಗಿನಿಂದ ಬಂದ ಮೂರು ಫೋನುಗಳ ಅರ್ಥ ಚಂದನಾಳಿಗೆ ಈಗ ಆಯಿತು. ಒಂದು ಕುಂದಾಪುರದಿಂದ, ಎರಡು ಬ್ರಹ್ಮಾವರದಿಂದ. ಸದ್ಯಕ್ಕೆ ಬೇಡ, ಮತ್ತೆ ಹೇಳುತ್ತೇವೆ ಎಂದು ಮೂವರೂ ನಯವಾಗಿಯೇ ಹೇಳಿದ್ದರು.

ಅವಳ ಅಪ್ಪ ಕರಿಯ ಗಂಗೊಳ್ಳಿಯಲ್ಲಿ ಬೋಟುಗಳಿಗೆ ಬಣ್ಣ ಬಳಿಯುತ್ತಿದ್ದವರು. ಉಬ್ಬಸ ಹೆಚ್ಚಾದಾಗ ಕೆಲಸವನ್ನು ಮಗಳ ಕೈಗೆ ಕೊಟ್ಟು ಬೈಂದೂರಿನ ಪಕ್ಕದ ಯಡ್ತರೆಯ ಮನೆಯಲ್ಲಿ ಕುಳಿತರು. ಬೋಟಿನಿಂದ ಅವಳು ಕಾರುಗಳ ಅಲಾಯ್ ವೀಲಿಗೆ ಬಂದಳು. ಹೆಣ್ಣುಮಗಳು ಚಕ್ರದ ಕೆಲಸ ಮಾಡುವುದೇ ಎಂದು ನಕ್ಕವರು ಗಾಡಿ ತರಲು ಒಂದು ವರ್ಷ ಹಿಡಿಯಿತು. ಆ ಒಂದು ವರ್ಷ ಕಟ್ಟಿದ ಹೆಸರು ಒಂದು ಫೋಟೋದಲ್ಲಿ ಹೋಗುವುದರಲ್ಲಿತ್ತು. ಹೆಸರು ಹೋದರೆ ಶೆಡ್ಡಿಗೂ ಬೀಗ.

ಅವಳು ವಾದಿಸಲಿಲ್ಲ. ತನ್ನ ಮೇಲೇ ಅನುಮಾನ ಬಂದಿತ್ತು. ಗಾಳಿಯಲ್ಲಿ ಪಸೆ ಇದ್ದ ದಿನ ಲ್ಯಾಕರ್ ಹೊಡೆದೆನೇ? ಇಲ್ಲ, ಒಣಬಿಸಿಲಿಗಾಗಿ ಎರಡು ದಿನ ಕಾದಿದ್ದಳು. ಒಂದು ಗಂಟೆ ಕೊಡಿ ಎಂದು ಕೇಳಿ ಚಕ್ರ ಬಿಚ್ಚಿ ಒಳಗೆ ಒಯ್ದಳು. ಕೋಟಿಲಿಂಗೇಶ್ವರಾ, ತಪ್ಪು ನನ್ನದಾದರೆ ತೋರಿಸು, ಒಪ್ಪಿಕೊಳ್ಳುತ್ತೇನೆ ಎಂದು ಮನಸ್ಸಿನಲ್ಲೇ ಅಂದು ಟಾರ್ಚ್ ಹಚ್ಚಿದಳು.

ನಟ್ಟು ಕೂರುವ ತೂತಿನ ಒಳಗೆ, ಬೆರಳು ಹೋಗದ ಜಾಗದಲ್ಲಿ, ಒಂದು ಕಂದು ನಾರು ಅಂಟಿಕೊಂಡಿತ್ತು. ಚಿಮಟದಿಂದ ಎಳೆದು ಮೂಗಿನ ಹತ್ತಿರ ಹಿಡಿದಳು.

"ಯತೀಶರೆ, ಇದನ್ನ್ ಎಂತ ಹಾಕಿ ತಿಕ್ಕಿದ್ರಿ?"

ಅವನು ಹೆಮ್ಮೆಯಿಂದಲೇ ಶುರುಮಾಡಿದ. ಹೊಸ ಬೆಳೆಯ ಹಬ್ಬ ಹೊಸ್ತಿನ ಹಿಂದಿನ ದಿನ. ಮರುದಿನ ಹೊಸ ಕದಿರು ತಂದು ಮನೆಯ ಬಾಗಿಲಿಗೆ, ಕಣಜಕ್ಕೆ, ಗಾಡಿಗೆ ಎಲ್ಲ ಕಟ್ಟುವುದಲ್ಲವೇ. ಅವನ ತಾಯಿ ಸೀತು ಹಿತ್ತಾಳೆಯ ದೀಪಗಳಿಗೆ ಹುಣಸೆಹುಳಿ ಮತ್ತು ಬೂದಿ ಹಚ್ಚಿ ತಿಕ್ಕುತ್ತಿದ್ದಳು. ದೀಪ ಬಂಗಾರದ ಹಾಗೆ ಹೊಳೆಯಿತು. ದೇವರ ಕದಿರು ಕಟ್ಟುವ ಗಾಡಿಯ ಚಕ್ರವೂ ಹಾಗೆ ಹೊಳೆಯಲಿ ಎಂದು ಉಳಿದ ಹುಳಿಯನ್ನು ಇವನು ನಾಲ್ಕೂ ಚಕ್ರಕ್ಕೆ ಮೆತ್ತಿದ. ಅರ್ಧ ಗಂಟೆ ಬಿಸಿಲಿಗೆ ಬಿಟ್ಟ. ಆಮೇಲೆ ತೆಂಗಿನ ನಾರಿನಲ್ಲಿ...

ಅಲ್ಲಿಗೆ ಬರುವಾಗ ಅವನ ಸ್ವರ ತಾನಾಗಿಯೇ ಸಣ್ಣದಾಯಿತು.

ಚಂದನಾ ಸಿಟ್ಟು ಮಾಡಲು ನೋಡಿದಳು. ನಗು ಮೊದಲು ಬಂತು. ತಡೆಯಲು ಮುಖ ತಿರುಗಿಸಿದರೂ ಹೆಗಲು ಕುಲುಕುತ್ತಿತ್ತು. ಅವನು ಕಿವಿಯ ತುದಿಯವರೆಗೆ ಕೆಂಪಾಗಿ ನಿಂತಿದ್ದ.

ನಗು ಇಳಿದ ಮೇಲೆ ಅವಳು ಸಮಾಧಾನದಿಂದ ವಿವರಿಸಿದಳು. ಹಿತ್ತಾಳೆಯ ಹೊಳಪು ಹಿತ್ತಾಳೆಯದೇ, ತಿಕ್ಕಿದಷ್ಟೂ ಬರುತ್ತದೆ. ಅಲಾಯ್ ವೀಲಿನ ಹೊಳಪು ಲ್ಯಾಕರಿನ ತೆಳು ಪೊರೆಯ ಕೆಳಗೆ ಇರುವುದು. ಹಳೆಯ ಮೂರು ಚಕ್ರಗಳ ಪೊರೆ ಗಟ್ಟಿಯಾಗಿತ್ತು, ಅದಕ್ಕೇ ತಾಳಿಕೊಂಡವು. ಹೊಸ ಪೊರೆ ಗಟ್ಟಿಯಾಗಲು ಒಂದು ತಿಂಗಳು ಬೇಕು, ಅಲ್ಲಿಯವರೆಗೆ ಬರೀ ನೀರು, ಮೆತ್ತನೆಯ ಬಟ್ಟೆ. ಆಮೇಲೂ ಹುಳಿ, ಬೂದಿ, ಆ್ಯಸಿಡ್ ತೋರಿಸಬಾರದು. ಕಡಲ ಬದಿ ಓಡಿಸಿ ಬಂದ ದಿನ ಚಕ್ರದ ಬಿಸಿ ಆರಿದ ಮೇಲೆ ಸಿಹಿನೀರಲ್ಲಿ ಉಪ್ಪು ತೊಳೆಯಬೇಕು. ಕಲ್ಲು ತಾಗಿ ಚೂರು ಎದ್ದರೂ ತಡಮಾಡದೆ ಮುಚ್ಚಿಸಬೇಕು, ಇಲ್ಲದಿದ್ದರೆ ನೀರು ಅಡಿಗೆ ಹೊಕ್ಕು ಇಡೀ ಪೊರೆಯನ್ನು ಎಬ್ಬಿಸುತ್ತದೆ.

ಇದನ್ನೆಲ್ಲ ಆವತ್ತೇ ಹೇಳಿರಲಿಲ್ಲವೇ ಎಂದು ಕೇಳಿದಳು.

ಯತೀಶ ನೆಲ ನೋಡಿದ.

"ನೀವ್ ಹೇಳುವತ್ತಿಗೆ ನಾನ್ ನಿಮ್ ಮುಖ ಕಾಂತಿದ್ದೆ. ಮಾತ್ ಕೇಣ್ಲಿಲ್ಲೆ."

ಹೆದ್ದಾರಿಯಲ್ಲಿ ಮೀನಿನ ಲಾರಿಯೊಂದು ಹೋಯಿತು. ಚಂದನಾ ಸ್ಯಾಂಡ್ ಪೇಪರಿನ ಹಾಳೆಯನ್ನು ಎರಡು ತುಂಡು ಮಾಡಿ ಒಂದನ್ನು ಅವನ ಕೈಗೆ ಕೊಟ್ಟಳು.

ಕೆಲಸ ಎರಡು ದಿನದ್ದು. ಎದ್ದ ಕಡೆ ಮಾತ್ರ ತೇಪೆ ಹಾಕಿದರೆ ತೇಪೆಯ ಅಂಚು ನಾಳೆ ಮತ್ತೆ ಏಳುತ್ತದೆ, ಅದಕ್ಕೇ ಪೂರ್ತಿ ಸುಲಿಯಬೇಕು. ಅವನು ತಿಕ್ಕಿದ ಜಾಗದ ಮೇಲೆ ಅವಳು ಕಣ್ಣು ಮುಚ್ಚಿ ಬೆರಳು ಆಡಿಸುತ್ತಿದ್ದಳು. ಇಲ್ಲಿ ಇನ್ನೂ ಇದೆ ಎನ್ನುತ್ತಿದ್ದಳು. ಎಲ್ಲಿ ಎಂದು ಅವನು ಬೆರಳಿಡುತ್ತಿದ್ದ. ಅಷ್ಟು ಚಿಕ್ಕ ಜಾಗದಲ್ಲಿ ಎರಡು ಬೆರಳು ತಾಗದೆ ಇರುವುದು ಕಷ್ಟ.

ಪ್ರೈಮರ್, ಬೆಳ್ಳಿ ಬಣ್ಣ, ಕೊನೆಗೆ ಲ್ಯಾಕರ್. ಹೊಡೆಯುವಾಗ ಇಬ್ಬರಿಗೂ ಮಾಸ್ಕು. ಕಾಣುವುದು ಕಣ್ಣು ಮಾತ್ರ. ಚಕ್ರ ನೋಡಬೇಕಾದ ಅವನ ಕಣ್ಣು ಎಲ್ಲಿತ್ತು ಎಂಬುದು ಚಂದನಾಳಿಗೆ ಚಕ್ರದಿಂದ ತಲೆ ಎತ್ತದೆಯೇ ಗೊತ್ತಿತ್ತು.

ಎರಡನೆಯ ದಿನ, ಚಕ್ರ ಒಣಗಲು ಇಟ್ಟ ಮೇಲೆ, ಯತೀಶ ಫೋನ್ ತೆಗೆದ. ಯಾರಿಗೆ ಎಂದು ಅವಳಿಗೆ ಕೂಡಲೇ ತಿಳಿಯಿತು.

"ಸುಮ್ನಿರಿ," ಎಂದಳು. "ಹೇಳಿರೆ ನಿಮ್ ಕೆಲ್ಸ ಹೋತ್ತ್."

"ನನ್ ಕೆಲ್ಸ ಹೋರೆ ಇನ್ನೊಂದ್ ಸಿಕ್ಕುತ್ತ್. ನಿಮ್ ಹೆಸ್ರಿಗೆ ಕಲೆ ಹಚ್ಚಿದ್ ನಾನ್. ತೆಗೂದೂ ನಾನೇ ಅಲ್ದಾ?"

ಅವಳ ಎದುರೇ ನಿಂತು ಎಲ್ಲ ಹೇಳಿದ, ಹುಳಿ, ಬೂದಿ, ನಾರು, ಒಂದನ್ನೂ ಬಿಡದೆ. ಆ ಕಡೆಯಿಂದ ಭೋಜರಾಜರು, ನಿಜ ಹೇಳಿದ್ದು ಒಳ್ಳೆಯದಾಯಿತು, ಆದರೆ ಇನ್ನು ಆ ಗಾಡಿ ನಿನ್ನ ಕೈಯಲ್ಲಿ ಬೇಡ, ಕೀಲಿಯನ್ನು ಗುಲಾಬಿ ಅಕ್ಕನಿಗೆ ಕೊಟ್ಟು ಹೋಗು ಎಂದರು. ಗುಲಾಬಿ ಅವರ ಅಕ್ಕ, ಬ್ರಹ್ಮಾವರದ ಮನೆಯಲ್ಲಿ ಇರುವವರು.

ನ್ಯಾಯ ಬಿಡದ ಮನುಷ್ಯ ಭೋಜರಾಜರು. ಅದೇ ಸಂಜೆ ಗ್ರೂಪಿನಲ್ಲಿ, ತಪ್ಪು ನಮ್ಮದು, ಆ ಹುಡುಗಿಯ ಕೆಲಸದಲ್ಲಿ ಕೊರತೆ ಇಲ್ಲ ಎಂದು ಬರೆದರು. ಮುಂದಿನ ವಾರ ಕುಂದಾಪುರದ ಗಾಡಿ ಬಂತು. ಬ್ರಹ್ಮಾವರದ್ದು ಒಂದು ಬಂತು, ಇನ್ನೊಂದು ಬರಲೇ ಇಲ್ಲ. ಚಂದನಾ ದೇವಸ್ಥಾನಕ್ಕೆ ಹೋಗಿ ಕಣ್ಣು ಮುಚ್ಚಿ ನಿಂತಳು. ಬಂದ ಗಾಡಿಗಳಿಗಾಗಿ ಕೈಮುಗಿದಳು. ಎದ್ದುಹೋದ ಆ ಲ್ಯಾಕರಿಗಾಗಿಯೂ ಕೈಮುಗಿದಳು. ಅದು ಏಳದಿದ್ದರೆ ಒಬ್ಬ ಮನುಷ್ಯನ ಒಳಗು ಅವಳಿಗೆ ಕಾಣುತ್ತಿರಲಿಲ್ಲ.

ಯತೀಶ ಈಗ ಬ್ರಹ್ಮಾವರ–ಬೈಂದೂರು ಪ್ರೈವೇಟ್ ಬಸ್ಸಿನ ಡ್ರೈವರ್. ದಿನಕ್ಕೆ ಆರು ಸಲ ಅವಳ ಶೆಡ್ಡಿನ ಮುಂದೆ ಹೋಗುತ್ತಿದ್ದ. ಒಂದು ಸಲವೂ ತಿರುಗಿ ನೋಡುತ್ತಿರಲಿಲ್ಲ. ಮಾಡಿದ್ದಕ್ಕೆ ಪ್ರತಿಫಲ ಕೇಳಿದ ಹಾಗೆ ಆದೀತೆಂಬ ಸಂಕೋಚ ಅವನಿಗೆ. ಅದು ಅರ್ಥವಾಗುತ್ತಿದ್ದುದರಿಂದಲೇ ಅವಳಿಗೆ ಇನ್ನಷ್ಟು ಸಿಟ್ಟು.

ಮೂರು ವಾರ ಕಾದಳು. ನಾಲ್ಕನೆಯ ಆದಿತ್ಯವಾರ ಶೆಡ್ಡಿಗೆ ಬೀಗ ಹಾಕಿ ಅವನ ಬಸ್ಸಿಗೇ ಕೈ ಮಾಡಿದಳು. ಡ್ರೈವರಿನ ಹಿಂದಿನ ಸೀಟು ಖಾಲಿ ಇತ್ತು. ತಲೆಯ ಮೇಲಿನ ಕನ್ನಡಿಯಲ್ಲಿ ಅವನ ಕಣ್ಣು ಒಮ್ಮೆ ಅವಳನ್ನು ಮುಟ್ಟಿ ರಸ್ತೆಗೆ ಓಡಿತು. ಹೆಮ್ಮಾಡಿ ದಾಟುವುದರೊಳಗೆ ಹನ್ನೊಂದು ಸಲ ಹಾಗೆ ಬಂದು ಹೋಯಿತು. ಅವಳು ಎಣಿಸಿದಳು.

ಬೈಂದೂರಿನಲ್ಲಿ ಬಸ್ಸು ಊಟಕ್ಕೆಂದು ಮುಕ್ಕಾಲು ಗಂಟೆ ನಿಲ್ಲುತ್ತಿತ್ತು. ಎಲ್ಲರೂ ಇಳಿದರು. ಅವಳು ಕುಳಿತೇ ಇದ್ದಳು.

"ಉಪಕಾರ ಹೇಳುಕ್ ಬಂದದ್ದಾರೆ ಬ್ಯಾಡ," ಎಂದ ಯತೀಶ, ಸ್ಟೇರಿಂಗ್ ನೋಡುತ್ತ.

"ಅದನ್ನ್ ದೇವ್ರ ಹತ್ರ ಹೇಳಿ ಆಯ್ತ್. ನಿಮ್ಮತ್ರ ಹೇಳುದ್ ಬೇರೆ ಇತ್ತ್."

ಅವನು ಈಗ ಪೂರ್ತಿ ತಿರುಗಿದ.

"ಯಡ್ತರೆಗ್ ಹೋಪುದ್ ನಾನ್," ಎಂದಳು. "ಮದ್ವಿ ಆಪುದಾರೆ ನಿಮ್ಮನ್ನೇ ಅಂದ್ಹೇಳಿ ಅಪ್ಪಯ್ಯನಿಗೆ ಹೇಳುಕ್. ನೀವ್ ಬ್ಯಾಡ ಅಂದ್ರೆ ಹೀಂಗೇ ವಾಪಾಸ್ ಹೋತೆ."

ಯತೀಶನ ಕಣ್ಣು ತುಂಬಿಕೊಂಡಿತು. ಬಸ್ಸಿನಿಂದ ಧುಮುಕಿ ಹೋಗಿ ರಿಕ್ಷಾವೊಂದನ್ನು ಕರೆದು ತಂದ.

ಬಸ್ಸು ಹೊರಡುವ ಸಮಯಕ್ಕೆ ಅವಳು ಯಡ್ತರೆಯಿಂದ ವಾಪಸು ಬಂದಿರಲಿಲ್ಲ. ಪ್ರೈವೇಟ್ ಬಸ್ಸಿನಲ್ಲಿ ಒಂದು ನಿಮಿಷ ತಡವಾದರೆ ಹಿಂದಿನ ಬಸ್ಸಿನವನು ಜಗಳಕ್ಕೇ ಬರುತ್ತಾನೆ. ಕಂಡಕ್ಟರ್ ಪದ್ದು ಎರಡು ಸಲ ಸೀಟಿ ಊದಿದ. ಹಿಂದಿನವನು ಹಾರ್ನ್ ಬಿಡದೆ ಒತ್ತಿದ. ಯತೀಶ ಗೇರಿಗೆ ಕೈ ಹಾಕಲಿಲ್ಲ.

ಮೂರನೆಯ ನಿಮಿಷಕ್ಕೆ ರಿಕ್ಷಾ ಬಂತು. ಚಂದನಾ ಇಳಿದಳು. ಅವಳ ಕೈ ಹಿಡಿದು, ಬಿಳಿ ಪಂಚೆ ಉಟ್ಟ ಮುದುಕರೊಬ್ಬರು ಇಳಿದರು. ಏದುಸಿರು ಬಿಡುತ್ತ ಬಸ್ಸು ಹತ್ತಿ, ಡ್ರೈವರಿನ ಹಿಂದಿನ ಸೀಟಿನಲ್ಲೇ ಕುಳಿತು, ಕನ್ನಡಿಯಲ್ಲಿ ಅವನನ್ನು ನೆಟ್ಟ ನೋಟದಿಂದ ನೋಡಿದರು.

"ಬಸ್ ಬಿಡ್ ಮಗ," ಎಂದರು ಕರಿಯ. "ಕೋಟೇಶ್ವರದ್ ವರಿಗೆ ಹ್ಯಾಂಗ್ ಬಿಡ್ತಿ ಅಂತ ಕಾಂಬ."

ತುಂಬಿದ ಕೊಡ ಹೊತ್ತವರು ನಡೆಯುವ ಹಾಗೆ ಬಸ್ಸು ಹೊರಟಿತು. ಇದೇನು ದಿಬ್ಬಣವೇ ಎಂದು ಹಿಂದಿನಿಂದ ಯಾರೋ ಗೊಣಗಿದರು. ಕರಿಯ ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. ಚಂದನಾ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಮರವಂತೆ ಬಂತು. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ನಡುವೆ ಬಸ್ಸು ಅಲುಗದೆ ಸಾಗಿತು.

ಅಲ್ಲಿ ಮುದುಕರು ಸೀಟಿಗೆ ಒರಗಿ, ಮಗಳ ಕೈಯನ್ನು ಮೆಲ್ಲನೆ ತಟ್ಟಿದರು.

"ಅಡ್ಡಿಲ್ಲೆ," ಎಂದರು.