ಬಡಿದರೂ ಕೇಳದ ಬಾಗಿಲು

"ಯಾರ್ರೀ ನೀವು? ಹೇಳದೆ ಕೇಳದೆ ಒಳಗೆ ಬಂದಿದ್ದೀರಲ್ಲ?"

ಅವಳು ಬೆಚ್ಚಿ ಹಿಂದೆ ಸರಿದಳು. ಕೈಯಲ್ಲಿ ಅರ್ಧ ಉಜ್ಜಿದ ಹಲ್ಲಿನ ಸೆಟ್ಟು. ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುವುದು ಅವಳ ಕಸುಬು. ಬಾಡಿಗೆ ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಕಿರ್ರೆಂದು ಅರಚುತ್ತಿದ್ದ ಉಜ್ಜುವ ಮೆಷೀನನ್ನು ನಿಲ್ಲಿಸಿದ ಮೇಲಷ್ಟೇ ಅವನ ಮಾತು ಕೇಳಿಸಿತು.

"ಆಗಿನಿಂದ ಕೂಗ್ತಾನೇ ಇದ್ದೀನಿ ಮೇಡಂ. ಓಣಿ ಕಡೆ ಬಾಗಿಲಿಂದ ಹೋಗಿ ಅಂತ ಪಕ್ಕದ ಮನೆಯವರು ಹೇಳಿದ್ರು. ನಾನು ಕೋರ್ಟ್ ಅಮೀನ. ಮನೆ ಖಾಲಿ ಮಾಡಿಸೋ ಆದೇಶ ಇದೆ. ಇವತ್ತೇ ಬೀಗ ಹಾಕ್ಬೇಕು."

ಅವಳು ಒಳಕೋಣೆಯತ್ತ ತಿರುಗಿ ನೋಡಿದಳು. ಒಳಗೆ ದೊಡ್ಡಮ್ಮ ಇದ್ದರು. ಹೆತ್ತವರಿಲ್ಲದ ಅವಳನ್ನು ಸಾಕಿದವರು, ಈಗ ಕಣ್ಣು ಕಾಣದವರು. ಈ ಮನೆಯ ಗೋಡೆ ಹಿಡಿದೇ ಓಡಾಡುವವರು. ಬೇರೆ ಮನೆಯಲ್ಲಿ ಅವರು ಒಂದು ಲೋಟ ನೀರಿಗೂ ತಡಕಾಡಬೇಕು.

"ಯಾವ ಆದೇಶ? ಕೇಸ್ ಇದೆ ಅಂತಾನೇ ನಮಗೆ ಗೊತ್ತಿಲ್ಲ."

"ಮುಂಬಾಗಿಲಿಗೆ ನಾನೇ ನೋಟಿಸು ಅಂಟಿಸಿದ್ದೆ. ಎಷ್ಟು ಬಡಿದ್ರೂ ತೆಗೀಲಿಲ್ಲ. ಒಳಗೆ ಮೆಷೀನು ಓಡ್ತಿತ್ತು. ಬೇಕಂತಲೇ ತೆಗೀತಿಲ್ಲ ಅಂತ ಬರೆದುಕೊಟ್ಟೆ."

ಹೇಳುತ್ತಲೇ ಅವನ ಕಣ್ಣು ಮುಂಬಾಗಿಲಿನತ್ತ ಹೋಯಿತು. ಅದಕ್ಕೆ ಅಡ್ಡಲಾಗಿ ಭಾರಿ ಮೇಜು, ಮೇಲೆ ಸಾಲುಸಾಲು ಹಲ್ಲುಗಳು. ಆ ಬಾಗಿಲು ತೆರೆದು ವರ್ಷಗಳಾಗಿದ್ದವು. ಅಲ್ಲಿ ಅಂಟಿಸಿದ್ದ ಕಾಗದವನ್ನು ಗಾಳಿ ಯಾವತ್ತೋ ಹೊತ್ತೊಯ್ದಿತ್ತು.

ಅವನ ಮುಖ ಬಿಳಿಚಿಕೊಂಡಿತು.

"ಮಧ್ಯಾಹ್ನದವರೆಗೆ ಸಮಯ ಇದೆ," ಎಂದ ತಗ್ಗಿದ ದನಿಯಲ್ಲಿ. "ಈಗಲೇ ಕೋರ್ಟಿಗೆ ಹೋಗಿ ತುರ್ತು ಅರ್ಜಿ ಹಾಕಿ. ನಿಲ್ಬೇಡಿ."

ಅವಳಿಗೆ ಅದು ಧಮಕಿಯಂತೆ ಕೇಳಿಸಿತು. ‘ಸುಳ್ಳು ಬರೆದುಕೊಟ್ಟವನು ಈಗ ಗಡುವು ಬೇರೆ ಕೊಡ್ತಾನೆ...’

"ಹೋಗೇ ಹೋಗ್ತೀನಿ. ನಿಮ್ಮ ಬಂಡವಾಳಾನೂ ಅಲ್ಲೇ ಬಯಲಾಗ್ಲಿ," ಎಂದವಳೇ ಚಪ್ಪಲಿ ಮೆಟ್ಟಿ ಓಡಿದಳು.

ಪರಿಚಯದ ಲಾಯರಮ್ಮ ಕೋರ್ಟಿನ ಪಡಸಾಲೆಯಲ್ಲೇ ನಿಂತು ಅರ್ಜಿ ಬರೆದರು. ನ್ಯಾಯಾಧೀಶರು ಉಳಿದ ಕೇಸುಗಳನ್ನು ಬದಿಗಿಟ್ಟು ಅದನ್ನೇ ಕೈಗೆತ್ತಿಕೊಂಡರು.

ಮನೆ ಮಾಲೀಕರ ವಕೀಲರು ನಕ್ಕರು. "ಬಾಗಿಲು ತೆಗೆಯದೆ ತಪ್ಪಿಸಿಕೊಂಡವರು ಸ್ವಾಮಿ. ಅಮೀನರ ವರದಿಯೇ ಇದೆ. ಈಗ ಕೊನೇ ಗಳಿಗೆಯಲ್ಲಿ ನಾಟಕ."

ಅಷ್ಟರಲ್ಲಿ ಅಮೀನನೂ ಬಂದು ಹಿಂದೆ ನಿಂತಿದ್ದ. ‘ಮುಗೀತು, ನಮ್ಮ ಕಥೆ ಮುಗೀತು’ ಎಂದುಕೊಂಡು ಅವಳು ಹಲ್ಲು ಕಚ್ಚಿ ಅಳು ತಡೆದಳು.

ನ್ಯಾಯಾಧೀಶರು ಅವನನ್ನು ಕರೆದು ಕೇಳಿದರು.

"ನನ್ನ ವರದಿ ತಪ್ಪು ಸ್ವಾಮಿ," ಎಂದ ಅವನು. "ಆ ಮೆಷೀನು ಓಡುವಾಗ ಪಕ್ಕದಲ್ಲೇ ನಿಂತು ಕೂಗಿದ್ರೂ ಅವರಿಗೆ ಕೇಳಿಸಲ್ಲ. ಇವತ್ತು ನಾನೇ ಕಂಡೆ. ಆ ಬಾಗಿಲು ತೆಗೆಯೋಕೂ ಆಗಲ್ಲ. ಬೇರೆ ದಾರಿ ಇದೆಯಾ ಅಂತ ಆವತ್ತು ವಿಚಾರಿಸದೆ ಬಂದವನು ನಾನು. ಅವರು ತಪ್ಪಿಸಿಕೊಂಡಿಲ್ಲ."

ವಕೀಲರ ನಗು ಇಂಗಿತು. ಅವಳು ಬೆರಗಾಗಿ ಅವನನ್ನೇ ನೋಡಿದಳು. ಕೆಲಸಕ್ಕೇ ಕುತ್ತು ಬರುವ ಮಾತನ್ನು ತುಂಬಿದ ಕೋರ್ಟಿನಲ್ಲಿ ಯಾರು ಆಡುತ್ತಾರೆ, ಹೇಳಿ?

"ಒಬ್ಬರ ಮಾತು ಕೇಳದೆ ಅವರ ಮನೆಗೆ ಬೀಗ ಹಾಕೋದು ನ್ಯಾಯ ಅಲ್ಲ," ಎಂದರು ನ್ಯಾಯಾಧೀಶರು. "ಆದೇಶಕ್ಕೆ ತಡೆ ಕೊಟ್ಟಿದ್ದೇನೆ. ಇಬ್ಬರ ವಾದವನ್ನೂ ಮೊದಲಿಂದ ಕೇಳೋಣ. ಅಮೀನರೇ, ಇಂಥ ತಪ್ಪು ಇನ್ನೊಂದು ಸಲ ಆಗಬಾರದು."

ಗೆದ್ದ ಖುಷಿಗೆ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೈ ಮುಗಿಯಲು ಅವನ ಹಿಂದೆ ಓಡಿದರೆ, ಅವನು ಮುಖ ತಿರುಗಿಸಿ ಹೊರಟೇಹೋದ.

ಆಮೇಲೂ ಅಷ್ಟೇ. ಕೋರ್ಟಿನ ಪ್ರತಿ ವಾಯಿದೆಗೂ ಅವಳ ಕಣ್ಣು ಅವನನ್ನು ಹುಡುಕುತ್ತಿತ್ತು. ಅವನು ಕಂಡರೂ ಕಾಣದಂತೆ ಹೋಗುತ್ತಿದ್ದ. ‘ನನ್ನಿಂದ ಬೈಸಿಕೊಂಡ ಸಿಟ್ಟಿರಬೇಕು...’ ಪ್ರೀತಿ ಅಂತ ಒಪ್ಪಿಕೊಳ್ಳಲು ಅವಳಿಗೆ ಬಿಗುಮಾನ, ಮರೆಯಲು ಮನಸ್ಸಿಲ್ಲ.

ಕೊನೆಗೆ ತೀರ್ಪು ಬಂತು. ಸ್ವಂತ ವಾಸಕ್ಕೆ ಮನೆ ಬೇಕೆಂದ ಮಾಲೀಕರಿಗೆ ಅದೇ ಬೀದಿಯಲ್ಲಿ ಇನ್ನೆರಡು ಮನೆ ಖಾಲಿ ಬಿದ್ದಿದ್ದವು. ಅವರ ಕೇಸು ವಜಾ ಆಯಿತು. ಮನೆ ಉಳಿಯಿತು!

ಅವಳು ಮೆಟ್ಟಿಲಿಳಿಯುವಾಗ ಅವನು ಎದುರಿಗೇ ನಿಂತಿದ್ದ.

"ಇಷ್ಟು ದಿನ ಮುಖ ತಿರುಗಿಸ್ತಿದ್ರಲ್ಲ, ಇವತ್ತೇನು?" ಅವಳು ಮೆಟ್ಟಿಲ ಮೇಲೇ ನಿಂತು ಕೇಳಿದಳು.

"ಕೇಸ್ ನಡೀತಿತ್ತು. ನಿಮ್ಮ ಜೊತೆ ಒಂದು ಮಾತಾಡಿದ್ರೂ, ನಾನು ನಿಮಗೋಸ್ಕರ ಸುಳ್ಳು ಸಾಕ್ಷಿ ಹೇಳಿದೆ ಅಂತಿದ್ರು. ನಿಮ್ಮ ಗೆಲುವಿಗೆ ಮಸಿ ಬಳಿದ ಹಾಗೆ ಆಗ್ತಿತ್ತು." ಅವನು ತಡವರಿಸಿದ. "ಮಾತಾಡದೆ ಇರೋದು ಎಷ್ಟು ಕಷ್ಟ ಆಯ್ತು ಅಂತ ನನಗೇ ಗೊತ್ತು. ನಿಮ್ಮನ್ನ ಮದುವೆ ಆಗ್ಬೇಕು ಅಂತ ಆಸೆ. ಈಗಲೇ ಉತ್ತರ ಬೇಡ, ಮನೇಲಿ ದೊಡ್ಡವರನ್ನ ಕೇಳಿ ಹೇಳಿ."

"ದೊಡ್ಡಮ್ಮನ್ನ ಕೇಳಿ ತಿಂಗಳಾಯ್ತು."

"ಏನಂದ್ರು?"

"ತಪ್ಪು ಒಪ್ಕೊಳ್ಳೋ ಗಂಡಸು ಸಿಕ್ಕಿದ್ರೆ ಬಿಡಬೇಡ ಅಂದ್ರು."

"ನೀವೇನಂದ್ರಿ?"

ಅವಳು ಎಲ್ಲರೆದುರೇ ಅವನ ಕೈ ಹಿಡಿದಳು.

"ಬಿಡಲ್ಲ ಅಂದೆ."