ಇಪ್ಪತ್ತೇಳನೆಯ ಒಪ್ಪಿಗೆ ಪತ್ರ

ಔಷಧ ಸಂಶೋಧನೆಯ ಒಳಸುಳಿ ಬಲ್ಲವರು ಹೇಳಬೇಕಾದ ಸಂಗತಿಯಿದು. ಕೇಳಿ ತಿಳಿದಷ್ಟನ್ನೇ ನೆಚ್ಚಿ ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆಯಿರಲಿ.

೨೦೨೫ರ ಫೆಬ್ರುವರಿ ೧೧, ಮಂಗಳವಾರ, ಬೆಳಿಗ್ಗೆ ೧೦.೨೦. ಜಯಸ್ತಂಭ ಮಾಜಿ ಸೈನಿಕರ ಆಸ್ಪತ್ರೆಯ ಡಾ. ಸಿದ್ಧಾಂತ ಅವರು ಜಮಖಂಡಿಯ ಪೊಲೀಸ್ ಠಾಣೆಗೆ ಬಂದರು. ಆಸ್ಪತ್ರೆಯಲ್ಲಿ ನರದ ನೋವಿನ ಹೊಸ ಔಷಧವೊಂದನ್ನು ನಲವತ್ತು ಮಾಜಿ ಸೈನಿಕರ ಮೇಲೆ ಪ್ರಯೋಗಿಸುತ್ತಿದ್ದರು. ಅವರ ಒಪ್ಪಿಗೆ ಪತ್ರಗಳಲ್ಲಿ ಇಪ್ಪತ್ತೇಳನೆಯದು ಸೋಮವಾರ ಮಧ್ಯಾಹ್ನ ಕಳುವಾಗಿತ್ತು.

“ಒಂದ ಹಾಳಿಗೆ ಕಂಪ್ಲೇಂಟ್ ಏನ್ರಿ?” ಪಿಎಸ್ಐ ಕಾವೇರಿ ಕೇಳಿದರು.

“ಶುಕ್ರವಾರ ದಿಲ್ಲಿಯಿಂದ ತಪಾಸಣೆಗೆ ಬರ್ತಾರ್ರಿ ಮೇಡಂ. ಪತ್ರ ಇಲ್ಲಂದ್ರ ಎಫ್ಐಆರ್ ಆದ್ರೂ ತೋರಸಬೇಕು.”

ಎಫ್ಐಆರ್ ದಾಖಲಿಸಿ ಕಾವೇರಿ, ಕಾನ್ಸ್‌ಟೇಬಲ್ ಹೊಳಬಸಪ್ಪನೊಂದಿಗೆ ೧೧.೪೫ಕ್ಕೆ ಆಸ್ಪತ್ರೆ ತಲುಪಿದರು. ಊಟದ ಹೊತ್ತಿನಲ್ಲಿ ಪತ್ರಗಳಿದ್ದ ಕೋಣೆಗೆ ಬೀಗ ಹಾಕುವ ರೂಢಿಯಿರಲಿಲ್ಲ. ಕಪಾಟಿನಲ್ಲಿ ಪತ್ರಗಳ ನಾಲ್ಕು ಕಟ್ಟುಗಳಿದ್ದವು. ಮೂರಕ್ಕೆ ದಾರದ ಸಡಿಲ ಕುಣಿಕೆ. ಪತ್ರ ಕಳುವಾದ ಕಟ್ಟಿಗೆ ಮಾತ್ರ ಸಣ್ಣ ಬಿಗಿ ಗಂಟು, ತುದಿಗಳನ್ನು ಗಂಟಿನ ಬುಡಕ್ಕೇ ಕತ್ತರಿಸಲಾಗಿತ್ತು.

ಹೊಳಬಸಪ್ಪ ರಬಕವಿಯ ನೇಕಾರರ ಮನೆಯವನು. ಬಗ್ಗಿ ನೋಡಿ ನಕ್ಕ. “ಕಳ್ಳರು ನಮ್ಮ ಪೈಕೀನ ಅದಾರ್ರಿ. ಮಗ್ಗದಾಗ ಎಳಿ ಹರದ್ರ ಹಿಂಗ ಗಂಟ ಹಾಕತೇವಿ. ಕೈ ತಾನ ಹಾಕತೈತಿ, ತಲಿಗೆ ಗೊತ್ತಾಗಂಗಿಲ್ಲ.”

“ಕದಿಯಾಕ ಬಂದವರು ಕಟ್ಟ ಯಾಕ ಕಟ್ಟತಾರೋ?”

“ಬಿಚ್ಚಿದ್ದನ್ನ ಹಂಗ ಬಿಟ್ಟು ಹೋಗಾಕ ನಮ್ಮ ಮಂದಿಗೆ ಮನಸ ಬರೂದಿಲ್ರಿ.”

ಕಾವೇರಿ ಪ್ರಯೋಗದಲ್ಲಿದ್ದವರ ಪಟ್ಟಿ ತರಿಸಿದರು. ಇಪ್ಪತ್ತೇಳು: ನೇಕಾರರದೇ ಊರಾದ ಬನಹಟ್ಟಿಯ ಮಾಜಿ ಹವಾಲ್ದಾರ್ ಮಹಾಲಿಂಗಪ್ಪ. ಔಷಧ ಶುರುವಾದ ಆರನೆಯ ವಾರ, ನವೆಂಬರಿನಲ್ಲಿ ತೀರಿಕೊಂಡಿದ್ದ.

“ಇದನ್ನ ಠಾಣೆದಾಗ ಯಾಕ ಹೇಳಲಿಲ್ಲ?”

ಡಾಕ್ಟರ್ ಕನ್ನಡಕ ಒರೆಸಿಕೊಂಡರು. “ಅವರಿಗೆ ಮೊದಲಿಂದನೂ ಹೃದಯದ ತ್ರಾಸ ಇತ್ತು. ಅದಕ್ಕೂ ಇದಕ್ಕೂ ಸಂಬಂಧ ಇಲ್ರಿ.”

ಮಧ್ಯಾಹ್ನ ೩.೩೦. ಬನಹಟ್ಟಿಯ ಮನೆಯಲ್ಲಿ ಮಹಾಲಿಂಗಪ್ಪನ ಹೆಂಡತಿ ರುಕ್ಮವ್ವ ಪವರ್‌ಲೂಮ್ ನಿಲ್ಲಿಸಿ ಎದ್ದು ಬಂದಳು.

“ನಿನ್ನೇನ ಬರತೀರಿ ಅಂದಕೊಂಡಿದ್ದೆ.”

“ಪತ್ರ ಎಲ್ಲೈತಿ?”

“ಐತಿ. ಹಿಂಗ ಕೊಡಂಗಿಲ್ಲ. ಪಂಚರನ್ನ ಕರೀರಿ, ಪಂಚನಾಮಿ ಬರೀರಿ, ಆಮ್ಯಾಲ ಕೊಡತೇನಿ.”

ನೆರೆಮನೆಯ ಮುದಕವ್ವ, ಗುರಪ್ಪ ಪಂಚರಾಗಿ ಬಂದರು.

“ಏನ ಕದ್ದೀಬೇ, ಬಂಗಾರೇನ?” ಮುದಕವ್ವ ಕೇಳಿದಳು.

“ಹಾಳಿ.”

“ಹಾಳಿ ಕದಿಯಾಕ ಜಮಖಂಡಿ ತನಕಾ ಹೋಗಿದ್ಯಾ? ನಮ್ಮನ್ಯಾಗ ಕೇಳಿದ್ರ ಕೊಡತಿದ್ದೆ.”

ರುಕ್ಮವ್ವ ಟ್ರಂಕಿನಿಂದ ಪತ್ರ ತೆಗೆದಳು. ಜೊತೆಗೆ ಗಂಡನ ಸೈನ್ಯದ ಬಿಡುಗಡೆ ಪುಸ್ತಕ. ಪತ್ರದ ಕೆಳಗೆ ‘ಎಡಗೈ ಹೆಬ್ಬೆಟ್ಟು’ ಎಂದು ಅಚ್ಚಾಗಿತ್ತು, ಮೇಲೆ ನೀಲಿ ಗುರುತು. ಪುಸ್ತಕದಲ್ಲಿ, ೧೯೯೬ರಲ್ಲಿ ಹಿಮದಿಂದ ಕೊಳೆತ ಎಡಗೈ ಹೆಬ್ಬೆರಳನ್ನು ಕತ್ತರಿಸಿ ತೆಗೆದ ದಾಖಲೆಯಿತ್ತು.

ಕಾವೇರಿ ಎರಡನ್ನೂ ಎರಡೆರಡು ಸಲ ಓದಿದರು.

“ಸತ್ತ ಮ್ಯಾಲ ಕೇಳಾಕ ಹ್ವಾದೆ. ‘ನಿನ್ನ ಗಂಡ ಒಪ್ಪಿ ಹೆಬ್ಬೆಟ್ಟ ಒತ್ತ್ಯಾನ’ ಅಂತ ದೂರಿಂದ ತೋರಿಸಿದ್ರು. ಇಲ್ಲದ ಬೆರಳ ಹೆಂಗ ಒತ್ತತೈತ್ರಿ? ಅವರು ಬಲಗೈಲೆ ಛಲೋ ಸಹಿ ಮಾಡತಿದ್ರು.”

“ಅರ್ಜಿ ಕೊಡಬೇಕಿತ್ತು.”

“ಮೂರ ಕೊಟ್ಟೇನಿ. ಸಂಶೋಧನಿ ಕಾಗದ ಗುಪ್ತ ಅಂದ್ರು. ಕದ್ದ ಮಾಲ ಆದ್ರ ಗುಪ್ತ ಇರಂಗಿಲ್ಲಲ್ರಿ. ಕೋರ್ಟಿಗೆ ಹೋಗತೈತಿ.”

ಅಷ್ಟರಲ್ಲಿ ಡಾಕ್ಟರ್ ಫೋನು. “ಬನಹಟ್ಟಿಗೆ ಹೋಗೀರಂತ, ಸಿಕ್ತೇನ್ರಿ ಮೇಡಂ? ವಯಸ್ಸಾದಾಕಿ, ಪಾಪ, ಕೇಸ್ ಬ್ಯಾಡ. ಪತ್ರ ಅಷ್ಟ ಕಳಿಸಿಬಿಡ್ರಿ.”

ಕಾವೇರಿ ರುಕ್ಮವ್ವನ ಕಡೆ ನೋಡಿದರು. ಬಿಟ್ಟುಬಿಟ್ಟರೆ ಪತ್ರ ಮತ್ತೆ ಅದೇ ಕಪಾಟಿಗೆ. ಹಿಡಿದರೆ ಅರವತ್ತರ ಹೆಂಗಸು ಕಟಕಟೆಗೆ.

“ಏನ ವಿಚಾರ ಮಾಡತೀರಿ? ಹಿಡೀರಿ,” ಎಂದಳು ರುಕ್ಮವ್ವ. “ಕದ್ದದ್ದು ಖರೆ. ನನ್ನ ಕಳವು ಬರೀರಿ, ಅವರದೂ ಬರೀರಿ.”

“ಎಫ್ಐಆರ್ ಆಗೇತ್ರಿ ಡಾಕ್ಟರ್. ನೀವ ಮಾಡಿಸೀರಿ,” ಎಂದು ಕಾವೇರಿ ಫೋನಿಟ್ಟರು.

ಪತ್ರವನ್ನೂ ಪುಸ್ತಕವನ್ನೂ ಪಂಚರ ಸಮಕ್ಷಮ ಜಪ್ತಿ ಮಾಡಿದರು. ಇಲ್ಲದ ಬೆರಳಿನ ಸಂಗತಿಯನ್ನು ಪಂಚನಾಮೆಯಲ್ಲಿ ಕಾವೇರಿ ತಾವೇ ಬರೆದರು. ೫.೧೦ಕ್ಕೆ ಬಂಧನದ ಕಾಗದ ಸಿದ್ಧವಾಯಿತು. ಹೊಳಬಸಪ್ಪ ರೂಢಿಯಂತೆ ಶಾಯಿಯ ಪ್ಯಾಡ್ ಮುಂದಿಟ್ಟ.

ರುಕ್ಮವ್ವ ಅದನ್ನು ಪಕ್ಕಕ್ಕೆ ಸರಿಸಿದಳು. “ಪೆನ್ ಕೊಡೋ ತಮ್ಮಾ. ಅವರ ನನಗ ಕಲಿಸ್ಯಾರ.”

ಒಂದೊಂದೇ ಅಕ್ಷರ ಒತ್ತಿ ಒತ್ತಿ ಬರೆದಳು.

ಕೋರ್ಟು ಮರುದಿನವೇ ಜಾಮೀನು ಕೊಟ್ಟಿತು. ಪತ್ರ ಬೆರಳಚ್ಚು ತಜ್ಞರ ಬಳಿಗೆ ಹೋಯಿತು. ಮಹಾಲಿಂಗಪ್ಪ ಔಷಧದಿಂದಲೇ ಸತ್ತನೇ ಎಂಬುದು ಗೊತ್ತಿಲ್ಲ. ಆ ನೀಲಿ ಹೆಬ್ಬೆಟ್ಟು ಯಾರದೆಂಬುದೂ ಇನ್ನೂ ಗೊತ್ತಾಗಿಲ್ಲ.